ಕುಡುಕನ ನಗೆ, ಪಂಡಿತನ ಚಿಂತೆ

ಕ್ರಿ.ಶ. 385ರ ಸುಮಾರು. ಇಟಲಿಯ ಮಿಲಾನ್ ನಗರದ ಬೀದಿಯಲ್ಲಿ ಪಂಡಿತನೊಬ್ಬ ಗೆಳೆಯರೊಡನೆ ನಡೆದಿದ್ದ. ಚಕ್ರವರ್ತಿಯನ್ನು ಹೊಗಳಿ ಭಾಷಣ ಮಾಡುವ ಹೊಣೆ ಆತನ ಮೇಲಿತ್ತು. ಅದರಲ್ಲಿ ಸುಳ್ಳೇ ಹೆಚ್ಚು ಎಂಬುದು ಹೇಳುವವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಮನಸ್ಸು ಕುದಿಯುತ್ತಿದ್ದಾಗ ಕುಡಿದು ನಗುತ್ತಿದ್ದ ಭಿಕ್ಷುಕನೊಬ್ಬ ಕಣ್ಣಿಗೆ ಬಿದ್ದ. ತಾನು ವರ್ಷಗಟ್ಟಲೆ ಹೆಣಗಿಯೂ ಪಡೆಯದ ನಿಶ್ಚಿಂತೆಯನ್ನು ಈತ ತಿರಿದ ನಾಲ್ಕು ಕಾಸಿಗೆ ಕೊಂಡಿದ್ದಾನಲ್ಲ ಎಂದು ಪಂಡಿತ ಬೆರಗಾದ. ಭಿಕ್ಷುಕನದು ನಿಜವಾದ ಆನಂದವಲ್ಲ, ನಿಜ. ಆದರೆ ಅವನ ಅಮಲು ಒಂದು ರಾತ್ರಿಗೆ ಇಳಿಯುತ್ತದೆ; ಕೀರ್ತಿಯ ಅಮಲು ಮಲಗಿ ಎದ್ದರೂ ಇಳಿಯದು.

ಆ ಪಂಡಿತನೇ ಮುಂದೆ ಸಂತನೆನಿಸಿದ ಅಗಸ್ಟೀನ್. ಹುಟ್ಟಿದ್ದು 354ರಲ್ಲಿ, ಇಂದಿನ ಅಲ್ಜೀರಿಯಾಕ್ಕೆ ಸೇರಿದ ಥಗಾಸ್ಟೆಯಲ್ಲಿ. ತಾಯಿ ಮೋನಿಕಾ ಕ್ರೈಸ್ತಳು. ಕಾರ್ಥೇಜಿನಲ್ಲಿ ಓದುವಾಗ ನಾಟಕದ ಗೀಳು, ಹೆಸರಿನ ಹಂಬಲ, ಪ್ರೇಮ ಎಲ್ಲವನ್ನೂ ಆತ ಕಂಡ. ಸುಮಾರು 400ರ ವೇಳೆಗೆ ಮುಗಿದ ‘ಕನ್ಫೆಶನ್ಸ್’ ಗ್ರಂಥದಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ಆತನನ್ನು ಕಾಡಿದ್ದು ಸುಖಕ್ಕಿಂತ ಸುಖದ ಅಸ್ಥಿರತೆ. ತಾರುಣ್ಯದಲ್ಲಿ ಪ್ರಾಣಸ್ನೇಹಿತ ಸತ್ತಾಗ ಹುಟ್ಟೂರೇ ಬೇಡವಾಯಿತು. ಸಾಯುವವನನ್ನು ಎಂದೂ ಸಾಯದವನಂತೆ ಪ್ರೀತಿಸಿದ್ದೇ ಆ ಸಂಕಟದ ಮೂಲವೆಂದು ಆತ ಅನಂತರ ಕಂಡುಕೊಂಡ. ಕಳೆದುಹೋಗಬಲ್ಲ ವಸ್ತುವಿನಲ್ಲಿ ಸಂಪೂರ್ಣ ಸುಖವನ್ನಿಟ್ಟರೆ ಅದರ ಜೊತೆಗೇ ಭಯವೂ ಬರುತ್ತದೆ. ಕಳೆಯಲಾಗದ್ದು ದೇವರೊಬ್ಬನೇ, ಆದ್ದರಿಂದ ಬಾಳುವ ಆನಂದ ಅವನಲ್ಲಿ ಮಾತ್ರ ಎಂಬುದು ಆತನ ತರ್ಕ.

ಹಾಗೆಂದು ಲೋಕವೇ ಕೆಟ್ಟದ್ದೆಂದು ಅಗಸ್ಟೀನ್ ಹೇಳಲಿಲ್ಲ. ಬಳಸಬೇಕಾದದ್ದು ಬೇರೆ, ನೆಲೆನಿಂತು ಆನಂದಿಸಬೇಕಾದದ್ದು ಬೇರೆ ಎಂದ. ತವರಿಗೆ ಹೊರಟವನು ಬಂಡಿಯ ಸುಖಕ್ಕೆ ಮರುಳಾಗಿ ಊರನ್ನೇ ಮರೆತರೆ ತಪ್ಪು ಬಂಡಿಯದಲ್ಲ.

386ರಲ್ಲಿ ಆತನ ಮನಸ್ಸು ತಿರುಗಿತು. 387ರ ಈಸ್ಟರ್ ವೇಳೆ ಬಿಷಪ್ ಆಂಬ್ರೋಸ್‌ನಿಂದ ಮಗ ಅಡಿಯೊಡಾಟಸ್‌ನೊಡನೆ ದೀಕ್ಷಾಸ್ನಾನ ಪಡೆದ. ಕೆಲವೇ ವರ್ಷಗಳಲ್ಲಿ ಆ ಮಗನೂ ತೀರಿಕೊಂಡ.

ಈ ಕಥೆಯಲ್ಲಿ ನೋವಿನ ಎಳೆಯೊಂದಿದೆ. ಆ ಮಗನ ತಾಯಿ, ಹತ್ತು ವರ್ಷಕ್ಕೂ ಮೀರಿ ಜೊತೆಗಿದ್ದವಳು, ಮಿಲಾನಿನಿಂದ ಒಬ್ಬಳೇ ಆಫ್ರಿಕಾಕ್ಕೆ ಮರಳಬೇಕಾಯಿತು. ಅದು ಧರ್ಮಕ್ಕಾಗಿ ಅಲ್ಲ. ಆತನಿಗೆ ಅಂತಸ್ತಿನ ಮದುವೆಯೊಂದು ಗೊತ್ತಾಗಿತ್ತು. ಆ ಮದುವೆ ನಡೆಯಲೇ ಇಲ್ಲ. ಆ ಅಗಲಿಕೆಯ ಗಾಯವನ್ನು ಬರೆದ ಅಗಸ್ಟೀನ್ ಆಕೆಯ ಹೆಸರನ್ನು ಮಾತ್ರ ಬರೆಯಲಿಲ್ಲ. ಲೌಕಿಕ ಏಳಿಗೆಯ ಬೆಲೆಯನ್ನು ತೆತ್ತವಳು ಅವಳು.

ಮುಂದೆ ಹಿಪ್ಪೊ ನಗರದ ಬಿಷಪ್ ಆದ ಅಗಸ್ಟೀನ್ 430ರ ಆಗಸ್ಟ್‌ನಲ್ಲಿ ಮಡಿದಾಗ ವ್ಯಾಂಡಲರ ಸೇನೆ ಊರನ್ನು ಮುತ್ತಿತ್ತು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಹಾಸಿಗೆಯ ಬಳಿ ಗೋಡೆಗೆ ತೂಗುಹಾಕಿಸಿ, ಓದುತ್ತ ಅಳುತ್ತಿದ್ದನೆಂದು ಶಿಷ್ಯ ಪೊಸ್ಸಿಡಿಯಸ್ ದಾಖಲಿಸಿದ್ದಾನೆ. ಆತ ಕಂಡ ಆನಂದ ಕಣ್ಣೀರನ್ನು ಹೊರಗಿಟ್ಟದ್ದಲ್ಲ. ಭಿಕ್ಷುಕನ ನಗೆಗೂ ಅದಕ್ಕೂ ಇದ್ದ ವ್ಯತ್ಯಾಸವೇ ಅದು.