ತಾಳಮದ್ದಳೆಯ ಬಿಡುವು

ಯಕ್ಷಗಾನವೆಂದೊಡನೆ ಕಿರೀಟ, ಗೆಜ್ಜೆ, ಚೆಂಡೆಯ ಅಬ್ಬರ ವಾಚಕರ ಕಣ್ಣಮುಂದೆ ಸುಳಿಯುವುದು ಸಹಜ. ಅದೇ ಕಲೆಗೆ ವೇಷವೂ ಕುಣಿತವೂ ಇಲ್ಲದ ಇನ್ನೊಂದು ಮುಖವುಂಟು. ಅದು ತಾಳಮದ್ದಳೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು, ತಾವೇ ರಾಮನಾಗಿ, ವಾಲಿಯಾಗಿ ಮಾತನಾಡುತ್ತಾರೆ. ಲಿಖಿತವಾದುದು ಪದ್ಯ ಮಾತ್ರ, ಮಾತೆಲ್ಲವೂ ಆಶು.

ಇದರ ಹಿರಿಮೆಯನ್ನು ಅರಿಯಲು ಕರಾವಳಿಯ ವೃತ್ತಿಮೇಳದ ಕಲಾವಿದನ ವರ್ಷವನ್ನು ನೋಡಬೇಕು. ದೀಪಾವಳಿಯ ಸುಮಾರಿಗೆ ತಿರುಗಾಟ ಆರಂಭ. ಇಂದು ಒಂದೂರು, ನಾಳೆ ಇನ್ನೊಂದೂರು. ರಾತ್ರಿ ಕುಣಿತ, ಹಗಲು ಪ್ರಯಾಣ, ನಡುವೆ ಸಿಕ್ಕಷ್ಟು ನಿದ್ದೆ. ಮೇ ತಿಂಗಳ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೂ, ಸುಮಾರು ಆರು ತಿಂಗಳು, ಇದೇ ಕ್ರಮ. ಟಿಕೇಟಿನ ಡೇರೆ ಮೇಳಗಳು ಬಂದ ಮೇಲೆ ವಸೂಲಿಯ ಲೆಕ್ಕವೂ ಸೇರಿತು. ಹೊಸ ಪ್ರಸಂಗ ಬೇಕು, ಚಪ್ಪಾಳೆ ಬೇಕು. ಈಚೆಗೆ ಇಡೀ ರಾತ್ರಿಯ ಆಟವನ್ನು ಮೂರು ನಾಲ್ಕು ಗಂಟೆಗೆ ಇಳಿಸುವ ಕಾಲಮಿತಿ ಪದ್ಧತಿಯೂ ಬಲಿತಿದೆ. ಅದನ್ನು ನಾನು ಹಳಿಯುವವನಲ್ಲ. ಮರುದಿನ ಕೆಲಸಕ್ಕೆ ಹೋಗತಕ್ಕ ಪ್ರೇಕ್ಷಕನಿಗೂ ನಿದ್ದೆ ಬೇಡವೇ? ಆದರೆ ಮೊಟಕಾಗುವುದು ಯಾವುದು ಎಂಬುದನ್ನು ಗಮನಿಸಬೇಕು. ಕುಣಿತ ಉಳಿಯುತ್ತದೆ, ಮಾತು ಹೋಗುತ್ತದೆ.

ಕರ್ಣಪರ್ವವನ್ನೇ ತೆಗೆದುಕೊಳ್ಳಿ. ಬಾಣವನ್ನು ಕೊರಳಿಗಲ್ಲ, ಎದೆಗೆ ಗುರಿಯಿಡೆಂದು ಶಲ್ಯನು ಹೇಳುತ್ತಾನೆ, ಕರ್ಣನು ಒಪ್ಪುವುದಿಲ್ಲ. ಅವಸರದ ರಂಗದಲ್ಲಿ ಇದು ಎರಡು ಮಾತಿನಲ್ಲಿ ಮುಗಿದೀತು. ಕೂಟದಲ್ಲಿ ಶಲ್ಯನು ಸುಮ್ಮನೆ ಬಿಡುವವನಲ್ಲ. ರಥದ ಮೇಲಿರುವವನಿಗೆ ಸಾರಥಿಯ ಮಾತು ಸಲಹೆಯೋ ಆಜ್ಞೆಯೋ? ಸೂತನೆಂದು ಹೀಯಾಳಿಸಿದವನೇ ಇಂದು ಸೂತನಾಗಿರುವಾಗ ಅವನ ಹಿತವಚನವನ್ನು ಕರ್ಣನು ನಂಬುವುದೆಂತು? ಒಂದೇ ಪದ್ಯದ ಮೇಲೆ ಅರ್ಧ ಗಂಟೆ ಕಳೆದರೂ ಕಥೆ ಒಂದು ಹೆಜ್ಜೆ ಮುಂದೆ ಹೋಗದು. ಸರಕಿನ ಲೆಕ್ಕದಲ್ಲಿ ಇದು ಶುದ್ಧ ನಷ್ಟ. ಕಲಾವಿದನ ಪಾಲಿಗೆ ಮಾತ್ರ, ಮಳೆಗಾಲದಲ್ಲಿ ಕುಳಿತು ಯೋಚಿಸಲು ದೊರೆತ ಹಕ್ಕು.

ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರ ಪಕ್ಷವನ್ನು ವಹಿಸಿ ವಾದಿಸುತ್ತಿದ್ದ ಬಗೆ ಇಂದಿಗೂ ಕೇಳುಗರ ನಾಲಗೆಯ ಮೇಲಿದೆ. ಪ್ರಸಂಗ ಹಳೆಯದೇ, ವಾಲಿ ಸಾಯುವುದೂ ಖಂಡಿತ; ಆದರೆ ಸಾಯುವ ಮುನ್ನ ರಾಮನನ್ನು ಏನು ಕೇಳುತ್ತಾನೆಂಬುದು ಆ ದಿನದ ಎದುರಾಳಿಯನ್ನು ಹೊಂದಿಕೊಂಡದ್ದು. ಹೊಸ ಸರಕು ಬೇಕೆಂದು ಹಟ ಹಿಡಿಯುವ ಮಾರುಕಟ್ಟೆಗೆ ಇದಕ್ಕಿಂತ ನಯವಾದ ಉತ್ತರ ನನಗೆ ತೋರದು.

'ಅರ್ಥ'ವೆಂಬ ಶಬ್ದಕ್ಕೆ ತಾತ್ಪರ್ಯವೆಂದೂ ಹಣವೆಂದೂ ಎರಡರ್ಥ. ಅರ್ಥಧಾರಿ ಹೊರುವುದು ಮೊದಲನೆಯದನ್ನು, ಎರಡನೆಯದು ಬಹುಕಾಲ ಬೇರೆ ಕಡೆಯಿಂದ ಬರಬೇಕಾಗಿತ್ತು. ಹಿಂದಿನ ಹಲವು ಅರ್ಥಧಾರಿಗಳು ಅಧ್ಯಾಪಕರೋ, ಕೃಷಿಕರೋ, ವಕೀಲರೋ ಆಗಿದ್ದರೆಂಬುದನ್ನು ಮರೆಯಬಾರದು. ಸಂಬಳವೋ ಅಡಕೆತೋಟವೋ ಇದ್ದವನಿಗೆ ನಿಧಾನ ಸುಲಭ. ಮೇಳದ ಸಂಬಳವನ್ನೇ ನಂಬಿದವನಿಗೆ ಮಳೆಗಾಲವೆಂದರೆ ಅನ್ನದ ಚಿಂತೆಯೂ ಹೌದು. ಆದ್ದರಿಂದ ಕೂಟಕ್ಕೆ ಕರೆದವರು ಎಲೆ ಅಡಕೆಯೊಡನೆ ತಕ್ಕ ಸಂಭಾವನೆಯನ್ನೂ ಕೊಡತಕ್ಕದ್ದು. ಜಾಣತನದ ಕುಸ್ತಿಯಾಗಿ, ಎದುರಾಳಿಯನ್ನು ಕೆಡವಿದ್ದೇ ಕಲೆಯೆಂದಾದ ಕೂಟಗಳೂ ಇವೆ. ಅಲ್ಲಿ ಚಪ್ಪಾಳೆಯ ವಸೂಲಿ ಹಿಂಬಾಗಿಲಿನಿಂದ ಒಳಹೊಕ್ಕಿರುತ್ತದೆ.

ಬಾನುಲಿಗೂ ಗಡಿಯಾರವುಂಟು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಮೂಲಕ ತಾಳಮದ್ದಳೆ ಅಸಂಖ್ಯ ಮನೆಗಳಿಗೆ ಹೋಯಿತು. ನಿಮಿಷದ ಕಟ್ಟಿಗೆ ಒಳಪಟ್ಟೇ ಹೋಯಿತು. ಬಾನುಲಿಯಲ್ಲಿ ಸವಿ ಹತ್ತಿದ ಕೇಳುಗರು ಆಷಾಢದಲ್ಲೊಮ್ಮೆ ಕೂಟಕ್ಕೇ ಹೋಗಿ ಕುಳಿತು ನೋಡಿ. ಪ್ರಸಂಗದ ಪದ್ಯಗಳನ್ನು ಮೊದಲೇ ಓದಿಕೊಂಡಿದ್ದರೆ ಲೇಸು. ಮಾತು ಪದ್ಯದಿಂದ ಎಷ್ಟು ದೂರ ಹೋಯಿತು, ಯಾವ ದಾರಿಯಲ್ಲಿ ಹಿಂದಿರುಗಿತು ಎಂಬುದರ ಮೇಲೆ ಗಮನವಿರಲಿ. ಭಾಗವತರು ಮುಂದಿನ ಪದ್ಯಕ್ಕೆ ತಾಳ ಎತ್ತಿಕೊಳ್ಳುವುದು ಆ ಹಿಂದಿರುಗುವಿಕೆಯನ್ನು ಕಾದಿದ್ದೇ.