ಒಳಗೇ ಉಳಿದ ಗಾಳಿಯ ಲೆಕ್ಕ

ಬೈಂದೂರಿನಿಂದ ಬ್ರಹ್ಮಾವರದವರೆಗೆ ಇಂದಿಗೂ ಎಷ್ಟೋ ಮನೆಗಳ ಬಚ್ಚಲಲ್ಲಿ ಹಂಡೆಯ ನೀರು ಕಾಯುವುದು ತೆಂಗಿನ ಮಡಲಿನ ಬೆಂಕಿಯಲ್ಲಿ. ಆ ಹೊಗೆಯ ಮುಂದೆ ವರ್ಷಗಟ್ಟಲೆ ಕೂತ ಅಮ್ಮಂದಿರೋ, ಬೀಡಿ ಬಿಡಲಾಗದ ಅಜ್ಜಂದಿರೋ ಅಂಗಳದ ಮೆಟ್ಟಿಲಲ್ಲಿ ಏದುಸಿರು ಬಿಟ್ಟರೆ ‘ದಮ್ಮು, ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತೇವೆ. ಅವರಲ್ಲಿ ಕೆಲವರಿಗೆ ಇರುವುದು ಎಂಫಿಸೀಮಾ.

ಈ ಕಾಯಿಲೆಯಲ್ಲಿ ಶ್ವಾಸಕೋಶದ ಪುಟ್ಟ ಗಾಳಿಗೂಡುಗಳ ಗೋಡೆ ಹರಿದುಹೋಗುತ್ತದೆ. ಒಳಗೆ ಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ಕೆಟ್ಟ ಭಾಗ ಉಬ್ಬಿ, ಚೆನ್ನಾಗಿರುವ ಭಾಗವನ್ನು ಒತ್ತುತ್ತದೆ. ಕೆಳಗಿನ ವಪೆ ಚಪ್ಪಟೆಯಾಗಿ ಸೋಲುತ್ತದೆ. ಹಾಗಾಗಿ ಔಷಧಿಯಿಂದ ಸಾಕಷ್ಟು ಗುಣ ಕಾಣದ ಕೆಲವರಿಗೆ ಶ್ವಾಸಕೋಶದ ಗಾತ್ರವನ್ನೇ ಇಳಿಸುತ್ತಾರೆ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯಬಹುದು, ಇಲ್ಲವೇ ಬ್ರಾಂಕೊಸ್ಕೋಪ್ ಮೂಲಕ ಒಮ್ಮುಖ ವಾಲ್ವ್ ಕೂರಿಸಿ ಅದನ್ನು ಕುಗ್ಗಿಸಬಹುದು.

ಯಾರಿಗೆ ಮಾಡಬಾರದು ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ. ಅಮೆರಿಕದಲ್ಲಿ 1,218 ರೋಗಿಗಳ ಮೇಲೆ ನಡೆದ ಅಧ್ಯಯನ 2001ರಲ್ಲೇ ಎಚ್ಚರಿಸಿತು: ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಇರಬೇಕಾದುದರ ಶೇ. 20 ಅಥವಾ ಅದಕ್ಕಿಂತ ಕಡಿಮೆಯಿದ್ದು, ಜೊತೆಗೆ ಹಾನಿ ಎಲ್ಲೆಡೆ ಸಮನಾಗಿ ಹಬ್ಬಿದ್ದರೆ ಅಥವಾ ಗಾಳಿಯಿಂದ ರಕ್ತಕ್ಕೆ ಅನಿಲ ದಾಟುವ ಶಕ್ತಿಯೂ ಅಷ್ಟೇ ಕುಸಿದಿದ್ದರೆ ಶಸ್ತ್ರಕ್ರಿಯೆ ಬೇಡ. ಶಸ್ತ್ರಕ್ರಿಯೆ ಮಾಡಿಸಿಕೊಂಡ ಅಂಥವರಲ್ಲಿ ಶೇ. 16ರಷ್ಟು ಮಂದಿ ಮೂವತ್ತು ದಿನದೊಳಗೆ ತೀರಿಕೊಂಡಿದ್ದರು. ಅದೇ ಅಧ್ಯಯನದ 2003ರ ಫಲಿತಾಂಶದಲ್ಲಿ, ಹಾನಿ ಮುಖ್ಯವಾಗಿ ಮೇಲಿನ ಹಾಲೆಗಳಲ್ಲಿದ್ದು ಶ್ರಮದ ಶಕ್ತಿ ಕುಗ್ಗಿದ್ದವರ ಆಯುಸ್ಸು ಶಸ್ತ್ರಕ್ರಿಯೆಯಿಂದ ಹೆಚ್ಚಿತ್ತು. ಒಂದೇ ಕಾಯಿಲೆ, ಒಂದೇ ಚಿಕಿತ್ಸೆ. ಒಬ್ಬರಿಗೆ ಜೀವ, ಇನ್ನೊಬ್ಬರಿಗೆ ಸಾವು.

ಆದ್ದರಿಂದಲೇ ಇಷ್ಟೊಂದು ಪರೀಕ್ಷೆ. ಸ್ಪೈರೊಮೆಟ್ರಿ ಹೊರಬಂದ ಗಾಳಿಯನ್ನಷ್ಟೇ ಅಳೆಯುತ್ತದೆ. ಒಳಗೇ ಉಳಿದದ್ದನ್ನು ಅಳೆಯಲು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸುತ್ತಾರೆ. ಹಾನಿ ಎಲ್ಲಿದೆ ಎಂದು ಸಿಟಿ ಸ್ಕ್ಯಾನ್ ತೋರಿಸುತ್ತದೆ. ಹಾಲೆಗಳ ನಡುವಿನ ಸೀಳು ಪೂರ್ಣವಾಗಿದೆಯೇ ಎಂದೂ ಅದರಲ್ಲೇ ನೋಡುತ್ತಾರೆ. ಪೂರ್ಣವಾಗಿಲ್ಲದಿದ್ದರೆ ಪಕ್ಕದ ಹಾಲೆಯಿಂದ ಗಾಳಿ ನುಸುಳಿ ವಾಲ್ವ್ ವ್ಯರ್ಥವಾಗುತ್ತದೆ. ಆರು ನಿಮಿಷ ನಡೆಸಿ ದೂರ ಅಳೆಯುತ್ತಾರೆ. ಹೃದಯದ ಎಕೋ, ರಕ್ತದ ಅನಿಲ ಪರೀಕ್ಷೆಯೂ ಇರುತ್ತವೆ. ಬೀಡಿ, ಸಿಗರೇಟು ಬಿಟ್ಟು ತಿಂಗಳುಗಳು ಕಳೆದಿರಬೇಕು, ಉಸಿರಾಟದ ವ್ಯಾಯಾಮದ ತರಬೇತಿ ಮುಗಿದಿರಬೇಕು. ಈ ಕಾಯುವಿಕೆಯನ್ನು ವೈದ್ಯರ ಉದಾಸೀನ ಎಂದು ದಯವಿಟ್ಟು ತಿಳಿಯಬೇಡಿ.

ಎಲ್ಲಕ್ಕೂ ಮೊದಲ ಹೆಜ್ಜೆ ಸ್ಪೈರೊಮೆಟ್ರಿ. ಅದಕ್ಕೆ ಬೇಕಾಗುವುದು ಕೆಲವೇ ನಿಮಿಷ. ಮನೆಯ ಹಿರಿಯರು ಮೆಟ್ಟಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದರೆ, ವಯಸ್ಸಿನ ಮೇಲೆ ಹಾಕದೆ ಈ ವಾರವೇ ಕುಂದಾಪುರಕ್ಕೋ ಮಣಿಪಾಲಕ್ಕೋ ಎದೆರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ.