ಸೊನ್ನೆ ತೆಗೆದರೆ ಶಹಭಾಸ್!

ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದಿಂದ ದೇವನಹಳ್ಳಿಯ ಕಡೆಗೆ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ದಾರಿಯುದ್ದಕ್ಕೂ ಎಲ್ಲಾದರೊಂದು ಕಡೆ ಕ್ರಿಕೆಟ್ ಆಟ ಕಣ್ಣಿಗೆ ಬಿದ್ದೇ ಬೀಳುತ್ತದೆ. ನೀರಿಲ್ಲದ ಕೆರೆಯಂಗಳ, ರಾಗಿ ಕೊಯ್ದು ಬರಿದಾದ ಹೊಲ, ಶಾಲೆಯ ಬಯಲು, ಊರಾಚೆಯ ಗುಂಡುತೋಪು ಎಲ್ಲವೂ ಮೈದಾನವೇ. ಹೊಸಕೋಟೆಗೆ ಹೋಗಿ, ನೆಲಮಂಗಲಕ್ಕೆ ಹೋಗಿ, ನೋಟ ಬದಲಾಗುವುದಿಲ್ಲ.

ಆಟ ಶುರುವಾಗುವ ಮುಂಚಿನ ಪಂಚಾಯಿತಿಯೂ ಎಲ್ಲ ಕಡೆ ಒಂದೇ. ಬ್ಯಾಟು ತಂದವನು ಮೊದಲು ಬ್ಯಾಟ್ ಮಾಡುತ್ತಾನೆ. ಜೋರಾಗಿ ಎಸೆಯಬಲ್ಲವನು ಬೌಲರ್ ಆಗುತ್ತಾನೆ. ಕೊನೆಗೆ ಉಳಿದ ಚಿಕ್ಕ ಹುಡುಗನಿಗೆ ಒಂದು ಅಪ್ಪಣೆ ಸಿಗುತ್ತದೆ: ‘ನೀನು ಹಿಂದೆ ನಿಂತ್ಕೊಳೋ, ಬಾಲ್ ಬಿಡಬೇಡ!’ ಅವನ ಬೆನ್ನ ಹಿಂದೆ ಲಂಟಾನ ಪೊದೆ. ಚೆಂಡು ಬಿಟ್ಟವನೇ ಪೊದೆಗೆ ನುಗ್ಗಿ ಹುಡುಕಿ ತರಬೇಕು. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಆದರೆ ಯಾರೂ ಮೀರುವುದಿಲ್ಲ.

ಮಧ್ಯಾಹ್ನ ಮೈಯೆಲ್ಲ ಮಣ್ಣು ಮಾಡಿಕೊಂಡು ಮನೆಗೆ ಬಂದ ಮಗನನ್ನು ಅಪ್ಪ ಕೇಳುತ್ತಾರೆ: ‘ಎಷ್ಟು ಹೊಡೆದ್ಯೋ?’

‘ಬ್ಯಾಟಿಂಗೇ ಸಿಗಲಿಲ್ಲ ಕಣಪ್ಪ. ಕೀಪಿಂಗ್ ಮಾಡ್ದೆ.’

‘ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತು ಇಷ್ಟೇನಾ ಮಾಡಿದ್ದು?’

ಹುಡುಗನ ಬಳಿ ಉತ್ತರವಿಲ್ಲ. ಆದರೆ ಉತ್ತರ ಇದೆ. ಅದು ಸ್ಕೋರ್ ಪುಸ್ತಕದ ಒಂದು ಮೂಲೆಯಲ್ಲಿರುತ್ತದೆ.

ಬೈ: 0

ಸ್ಕೋರ್ ಪಟ್ಟಿಯ ಕೆಳಭಾಗದಲ್ಲಿ ‘ಇತರೆ’ ಎಂಬ ಸಾಲಿರುತ್ತದೆ. ಅದರೊಳಗೆ ‘ಬೈ’ ಎಂಬುದೂ ಒಂದು. ಚೆಂಡು ಬ್ಯಾಟಿಗೂ ತಗಲದೆ, ದಾಂಡಿಗನ ಮೈಗೂ ತಗಲದೆ, ಕೀಪರನನ್ನೂ ದಾಟಿ ಹೋದಾಗ ಎದುರಾಳಿಗಳು ಓಡಿ ಗಳಿಸುವ ರನ್ನು ಅದು. ಆ ಜಾಗದಲ್ಲಿ ಸೊನ್ನೆ ಇದ್ದರೆ ಕೀಪರ್ ತನ್ನ ಕೆಲಸವನ್ನು ಪೂರ್ತಿ ಮಾಡಿದ್ದಾನೆ ಎಂದರ್ಥ. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಮನೆಯಲ್ಲಿ ರಂಪವಾಗುತ್ತದೆ. ಕೀಪರನಿಗೆ ಮಾತ್ರ ಸೊನ್ನೆಯೇ ನೂರಕ್ಕೆ ನೂರು! ವಿಚಿತ್ರವೆಂದರೆ, ಆ ಸೊನ್ನೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನೂರು ಚೆಂಡು ಹಿಡಿದರೆ ಯಾರಿಗೂ ನೆನಪಿರುವುದಿಲ್ಲ, ಒಂದು ಬಿಟ್ಟರೆ ಊರೆಲ್ಲ ನೆನಪಿಟ್ಟುಕೊಳ್ಳುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಟೆಸ್ಟ್ ಪಂದ್ಯದ ಒಂದು ದಿನಕ್ಕೆ 90 ಓವರುಗಳು, ಅಂದರೆ 540 ಎಸೆತಗಳು. ಪ್ರತಿ ಎಸೆತಕ್ಕೂ ಕೀಪರ್ ಕುಕ್ಕರಗಾಲಿನಲ್ಲಿ ಕೂರಬೇಕು, ಚೆಂಡಿನೊಂದಿಗೇ ಏಳಬೇಕು. ಗಡಿಯಲ್ಲಿ ನಿಂತ ಫೀಲ್ಡರ್ ಆಗೊಮ್ಮೆ ಈಗೊಮ್ಮೆ ಆಕಾಶ ನೋಡಬಹುದು. ಬೌಲರ್ ತನ್ನ ಓವರ್ ಮುಗಿಸಿ ಉಸಿರೆಳೆದುಕೊಳ್ಳಬಹುದು. ದಾಂಡಿಗ ಔಟಾದರೆ ನೆರಳಿಗೆ ಹೋಗಬಹುದು. ಕೀಪರನಿಗೆ ಮಾತ್ರ 540 ಸಲವೂ ‘ಈ ಚೆಂಡು ನನಗೇ ಬರುತ್ತದೆ’ ಎಂದುಕೊಂಡೇ ಕೂರುವ ಕರ್ಮ. ನಮ್ಮ ಮಕ್ಕಳಿಗೆ ನಾವು ದಿನವೂ ಉಪದೇಶ ಮಾಡುವ ಏಕಾಗ್ರತೆ ಎಂದರೆ ಇದೇ ಅಲ್ಲವೇ?

ಅಮೆರಿಕದ ಅಣ್ಣತಮ್ಮ

ಇಂಥದೇ ಕೆಲಸ ಮಾಡುವ ಆಟಗಾರನೊಬ್ಬ ಬೇಸ್‌ಬಾಲಿನಲ್ಲೂ ಇದ್ದಾನೆ. ಅವನ ಹೆಸರು ಕ್ಯಾಚರ್. ಚೆಂಡೆಸೆಯುವ ಪಿಚರ್ 18.44 ಮೀಟರ್ ದೂರದಲ್ಲಿ ನಿಂತಿರುತ್ತಾನೆ. ಹೊಡೆಯುವವನ ಬೆನ್ನ ಹಿಂದೆ ಕ್ಯಾಚರ್ ಕುಕ್ಕರಗಾಲಿನಲ್ಲಿ ಕೂತಿರುತ್ತಾನೆ. ಮುಖಕ್ಕೆ ಜಾಲರಿಯ ಕವಚ, ಎದೆಗೆ ದಪ್ಪ ಮೆತ್ತೆ, ಕಾಲಿಗೆ ರಕ್ಷೆ, ಒಂದು ಕೈಗೆ ಮಾತ್ರ ದೊಡ್ಡ ಗವುಸು. ಮಿಕ್ಕವರೆಲ್ಲ ಒಂದು ಕಡೆಗೆ ಮುಖ ಮಾಡಿದ್ದರೆ ಇವನೊಬ್ಬ ಎದುರು ದಿಕ್ಕಿಗೆ. ಹಾಗಾಗಿ ಇಡೀ ಮೈದಾನ ಒಟ್ಟಿಗೆ ಕಾಣುವುದು ಇವನೊಬ್ಬನಿಗೇ.

ಮುಂದಿನ ಎಸೆತ ಹೇಗಿರಬೇಕು ಎಂಬ ಸಲಹೆಯೂ ಸಾಮಾನ್ಯವಾಗಿ ಇವನದೇ. ಎರಡು ತೊಡೆಗಳ ನಡುವೆ ಬೆರಳು ಮರೆಮಾಡಿ ಸನ್ನೆ ಮಾಡುತ್ತಾನೆ. ಅಮೆರಿಕದ ದೊಡ್ಡ ಲೀಗಿನಲ್ಲಿ 2022ರಿಂದ ಸನ್ನೆಯ ಬದಲು ವಿದ್ಯುನ್ಮಾನ ಗುಂಡಿ ಒತ್ತಿ ಹೇಳಲೂ ಅವಕಾಶವಿದೆ. 1956ರ ಅಕ್ಟೋಬರ್ 8ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಡಾನ್ ಲಾರ್ಸನ್ ಎದುರಾಳಿಗಳಲ್ಲಿ ಒಬ್ಬನೂ ಮೊದಲ ನೆಲೆಯನ್ನೂ ಮುಟ್ಟದಂತೆ ಇಡೀ ಪಂದ್ಯ ಎಸೆದರು. ಅಮೆರಿಕದ ವರ್ಲ್ಡ್ ಸೀರೀಸ್ ಚರಿತ್ರೆಯಲ್ಲಿ ಒಬ್ಬನೇ ಪಿಚರ್ ಹಾಗೆ ಮಾಡಿದ್ದು ಅದೊಂದೇ ಸಲ. ದಾಖಲೆ ಲಾರ್ಸನ್ ಹೆಸರಿನಲ್ಲಿದೆ. ಆದರೆ ಪ್ರತಿ ಎಸೆತಕ್ಕೂ ಸನ್ನೆ ಕೊಟ್ಟು, ಚೆಂಡು ಹಿಡಿದು, ಕೊನೆಗೆ ಓಡಿಬಂದು ಲಾರ್ಸನ್ ಮೈಮೇಲೆ ಹಾರಿದ ಕ್ಯಾಚರ್ ಯೋಗಿ ಬೆರ್ರಾ. ಈ ‘ಯೋಗಿ’ ಎಂಬ ಅಡ್ಡಹೆಸರು ನಮ್ಮ ನಾಡಿನ ಯೋಗಿಗಳಿಂದಲೇ ಹೋದದ್ದು.

ಕ್ಯಾಚರನ ಲೆಕ್ಕದಲ್ಲೂ ಒಂದು ಸೊನ್ನೆಯ ಮನೆಯಿದೆ. ಹಿಡಿಯಬೇಕಾದ ಚೆಂಡನ್ನು ಬಿಟ್ಟು ಎದುರಾಳಿ ಮುಂದಿನ ನೆಲೆಗೆ ಓಡಿದರೆ ಅದನ್ನು ‘ಪಾಸ್ಡ್ ಬಾಲ್’ ಎಂದು ಅವನ ಹೆಸರಿಗೇ ಬರೆಯುತ್ತಾರೆ. ದೇಶ ಬೇರೆ, ಆಟ ಬೇರೆ. ಬೆನ್ನ ಹಿಂದೆ ಕೂತವನ ಹಣೆಬರಹ ಒಂದೇ!

ಇಟ್ಟಿಗೆ ಹಿಡಿದ ಹುಡುಗ

ದೂರದ ಅಮೆರಿಕವೇಕೆ, ನಮ್ಮ ನಾಡಿನ ಪರಂಪರೆಯನ್ನೇ ನೋಡಿ. ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದ ಬುಧಿ ಕುಂದರನ್ 1960ರಲ್ಲಿ ಭಾರತದ ಕೀಪರ್ ಆದರು. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ರನ್ ಹೊಡೆದು, ಕೀಪರನಿಗೆ ಬ್ಯಾಟೂ ಬರುತ್ತದೆ ಎಂದು ತೋರಿಸಿಕೊಟ್ಟರು.

ಅವರ ನಂತರ ಬಂದವರು ಬೆಂಗಳೂರಿನಲ್ಲಿ ಬೆಳೆದ ಸೈಯದ್ ಕಿರ್ಮಾನಿ. ಹುಡುಗನಾಗಿದ್ದಾಗ ಗವುಸಿಲ್ಲದೆ ಇಟ್ಟಿಗೆ ಹಿಡಿದು ಚೆಂಡು ತಡೆಯುತ್ತಿದ್ದುದನ್ನು ಅವರೇ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಲಂಟಾನ ಪೊದೆಯ ಮುಂದೆ ಬರಿಗೈಯಲ್ಲಿ ನಿಲ್ಲುವ ನಮ್ಮ ಹುಡುಗರಿಗೆ ಇದಕ್ಕಿಂತ ಹತ್ತಿರದ ಕಥೆ ಇನ್ನೊಂದಿದೆಯೇ?

ಆದರೆ ಕಿರ್ಮಾನಿಯವರ ಬದುಕಿನಲ್ಲಿ ಇಟ್ಟಿಗೆಗಿಂತ ಗಟ್ಟಿಯಾದದ್ದು ಅವರ ತಾಳ್ಮೆ. 1971ರಲ್ಲಿ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದರು. ಕೀಪರ್ ಜಾಗದಲ್ಲಿ ಫರೂಕ್ ಎಂಜಿನಿಯರ್ ಇದ್ದರು. 1974ರಲ್ಲಿ ಮತ್ತೆ ಹೋದರು. ಮತ್ತೆ ಒಂದೂ ಟೆಸ್ಟ್ ಸಿಗಲಿಲ್ಲ. ತಂಡದಲ್ಲಿ ಫೀಲ್ಡರಿಗೆ ಹತ್ತು ಜಾಗ, ಕೀಪರನಿಗೆ ಒಂದೇ ಜಾಗ. ಆ ಒಂದು ಜಾಗ ಖಾಲಿಯಾಗುವ ತನಕ ಕಾಯಬೇಕು. 1976ರ ಜನವರಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಕೊನೆಗೂ ಅವಕಾಶ ಬಂತು. ಎರಡನೇ ಟೆಸ್ಟಿನಲ್ಲೇ, ಕ್ರೈಸ್ಟ್‌ಚರ್ಚಿನಲ್ಲಿ, ಒಂದೇ ಇನಿಂಗ್ಸಿನಲ್ಲಿ ಐದು ಕ್ಯಾಚು, ಒಂದು ಸ್ಟಂಪಿಂಗ್ ಮಾಡಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಐದು ವರ್ಷ ಬೆಂಚಿನ ಮೇಲೆ ಕೂತಿದ್ದಾಗ ಅವರು ಸುಮ್ಮನೆ ಕೂತಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಚಂದ್ರಶೇಖರ್, ಪ್ರಸನ್ನ, ಬೇಡಿ, ವೆಂಕಟರಾಘವನ್ ಅವರ ಸ್ಪಿನ್ನಿಗೆ ಕೀಪಿಂಗ್ ಮಾಡುವುದೆಂದರೆ ಹುಡುಗಾಟವಲ್ಲ. ಅದರಲ್ಲೂ ಚಂದ್ರ ಅವರ ವೇಗದ ಗೂಗ್ಲಿ ಎತ್ತ ತಿರುಗುತ್ತದೆಂದು ದಾಂಡಿಗನಿಗೂ ತಿಳಿಯುತ್ತಿರಲಿಲ್ಲ. ಕೀಪರ್ ಮಾತ್ರ ಬೌಲರನ ಕೈ ನೋಡಿಯೇ ತಿಳಿದುಕೊಳ್ಳಬೇಕು.

1979ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಕಿರ್ಮಾನಿಯವರನ್ನು ಕೈಬಿಟ್ಟರು. ಅವರು ಅದೇ ವರ್ಷ ತಂಡಕ್ಕೆ ಮರಳಿ, ಮುಂಬೈಯಲ್ಲಿ ಆಸ್ಟ್ರೇಲಿಯ ವಿರುದ್ಧ ದಿನದಂತ್ಯದ ಕಾವಲುಗಾರನಾಗಿ ಬ್ಯಾಟಿಂಗಿಗೆ ಬಂದು, ಔಟಾಗದೆ 101 ರನ್ ಮಾಡಿದರು. 1981–82ರಲ್ಲಿ ಇಂಗ್ಲೆಂಡ್ ವಿರುದ್ಧದ ಸರಣಿಯಲ್ಲಂತೂ ಸತತ ಮೂರು ಟೆಸ್ಟುಗಳಲ್ಲಿ ಎದುರಾಳಿಗಳು 1964 ರನ್ ಗಳಿಸಿದರೂ ಕಿರ್ಮಾನಿ ಒಂದೇ ಒಂದು ಬೈ ಕೊಡಲಿಲ್ಲ. ನಾವು ಹೇಳುತ್ತಿದ್ದ ಸೊನ್ನೆ ಎಂದರೆ ಇದು!

1983ರ ವಿಶ್ವಕಪ್ ಯಾರಿಗೆ ನೆನಪಿಲ್ಲ? ಜೂನ್ 18ರಂದು ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಅವರ 175 ರನ್ನಿನ ಕಥೆಯನ್ನು ಪ್ರತಿ ಮನೆಯಲ್ಲೂ ಹೇಳುತ್ತಾರೆ. ಎದುರು ತುದಿಯಲ್ಲಿ ನಿಂತು, ಮುರಿಯದ ಒಂಬತ್ತನೇ ವಿಕೆಟ್ ಜೊತೆಯಾಟದಲ್ಲಿ 126 ರನ್ ಕೂಡಿಸಲು ನೆರವಾದವರು ಕಿರ್ಮಾನಿ. ಅವರ ಪಾಲು 24. ಆ 24 ಇಲ್ಲದೆ 175 ಇರುತ್ತಿತ್ತೇ? ಆ ವಿಶ್ವಕಪ್‌ನ ಅತ್ಯುತ್ತಮ ಕೀಪರ್ ಪ್ರಶಸ್ತಿಯೂ ಅವರಿಗೇ ಬಂತು. ಒಟ್ಟು 88 ಟೆಸ್ಟುಗಳಲ್ಲಿ ಅವರು 160 ಕ್ಯಾಚು, 38 ಸ್ಟಂಪಿಂಗ್ ಮಾಡಿದರು.

ಬೇಡವೆನ್ನದವರು

ಕಿರ್ಮಾನಿಯವರ ಹಿಂದೆಯೇ ಬಂದವರು ಬೆಂಗಳೂರಿನ ಸದಾನಂದ ವಿಶ್ವನಾಥ್. 1985ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್ಲಿನಲ್ಲಿ ಶಿವರಾಮಕೃಷ್ಣನ್ ಎಸೆತಕ್ಕೆ ಪಾಕಿಸ್ತಾನದ ಜಾವೇದ್ ಮಿಯಾಂದಾದ್ ಅವರನ್ನು ಮಿಂಚಿನಂತೆ ಸ್ಟಂಪ್ ಮಾಡಿದವರು ಅವರು. ಅಷ್ಟು ಪ್ರತಿಭೆಯಿದ್ದರೂ ಆಡಿದ್ದು ಮೂರೇ ಟೆಸ್ಟು. ಆಟ ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುವುದಿಲ್ಲ ಎಂಬುದನ್ನೂ ಮಕ್ಕಳು ತಿಳಿದಿರಬೇಕು. ವಿಶ್ವನಾಥ್ ಮೈದಾನ ಬಿಡಲಿಲ್ಲ, ಅಂಪೈರ್ ಆಗಿ ಮತ್ತೆ ವಿಕೆಟ್ಟಿನ ಹತ್ತಿರವೇ ನಿಂತರು.

ರಾಹುಲ್ ದ್ರಾವಿಡ್ ಅವರ ವಿಷಯ ಬೇರೆ. ಅವರು ಬ್ಯಾಟಿಗಾಗಿಯೇ ಹೆಸರಾದವರು. ತಂಡದಲ್ಲಿ ಒಬ್ಬ ದಾಂಡಿಗನಿಗೆ ಹೆಚ್ಚಿನ ಜಾಗ ಸಿಗಲೆಂದು 2003ರ ವಿಶ್ವಕಪ್‌ನಲ್ಲಿ ಗವುಸು ತೊಟ್ಟು ಕೀಪರ್ ಆದರು. ಭಾರತ ಫೈನಲ್ ತಲುಪಿತು. 20 ವರ್ಷಗಳ ನಂತರ, 2023ರ ವಿಶ್ವಕಪ್‌ನಲ್ಲಿ, ಇನ್ನೊಬ್ಬ ಕನ್ನಡಿಗ ಕೆ.ಎಲ್. ರಾಹುಲ್ ಅದೇ ಕೆಲಸ ಮಾಡಿದರು. ಆಗಲೂ ಭಾರತ ಫೈನಲ್ ತಲುಪಿತು. ‘ಇದು ನನ್ನ ಕೆಲಸವಲ್ಲ’ ಎನ್ನುವವರ ನಡುವೆ ‘ಕೊಡಿ, ನಾನು ಮಾಡುತ್ತೇನೆ’ ಎನ್ನುವವರ ಬೆಲೆ ಇದು.

ಇದು ಗಂಡು ಹುಡುಗರ ಸೊತ್ತೇನೂ ಅಲ್ಲ. ಬೆಂಗಳೂರಿನ ಕರುಣಾ ಜೈನ್ 2004ರಲ್ಲಿ ಭಾರತ ಮಹಿಳಾ ತಂಡಕ್ಕೆ ಬಂದು, ಕೀಪರ್ ಆಗಿ ವರ್ಷಗಟ್ಟಲೆ ಆಡಿ, 2022ರಲ್ಲಿ ನಿವೃತ್ತಿ ಘೋಷಿಸಿದರು. ನಿಮ್ಮ ಮಗಳೂ ತಮ್ಮನ ಚೆಂಡನ್ನು ಚೆನ್ನಾಗಿ ಹಿಡಿಯುತ್ತಾಳೆಯೇ? ಗಮನಿಸಿ.

ಕಲಿಯುವುದು ಹೇಗೆ?

ಮೊದಲ ಪಾಠಕ್ಕೆ ಖರ್ಚಿಲ್ಲ. ಒಂದು ಟೆನ್ನಿಸ್ ಚೆಂಡು, ಒಂದು ಗೋಡೆ ಸಾಕು. ಗೋಡೆಗೆ ಎಸೆದು ಮರಳಿ ಬಂದದ್ದನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಮುಖ್ಯ ಸೂತ್ರಗಳು ಮೂರೇ. ಅವಸರದಲ್ಲಿ ಮೊದಲೇ ಎದ್ದು ನಿಲ್ಲಬಾರದು, ಚೆಂಡು ಪುಟಿದಂತೆ ಅದರೊಂದಿಗೇ ಏಳಬೇಕು. ಬೆರಳ ತುದಿ ಚೆಂಡಿಗೆ ಎದುರಾಗಿರಬಾರದು, ನೆಲದ ಕಡೆಗೋ ಪಕ್ಕಕ್ಕೋ ಇರಬೇಕು. ಚೆಂಡು ಕೈಗೆ ತಾಗಿದ ಕ್ಷಣ ಕೈಯನ್ನು ತುಸು ಹಿಂದಕ್ಕೆ ತರಬೇಕು, ಮೊಟ್ಟೆ ಹಿಡಿದ ಹಾಗೆ.

ಚರ್ಮದ ಗಟ್ಟಿ ಚೆಂಡಿಗೆ ಬಂದಾಗ ಮಾತ್ರ ತಂದೆತಾಯಿಯರು ಕೈ ಬಿಗಿ ಹಿಡಿಯಬಾರದು. ಆ ಚೆಂಡು ಸುಮಾರು 160 ಗ್ರಾಂ ತೂಗುತ್ತದೆ. 2000ರ ಮೇ ತಿಂಗಳಲ್ಲಿ ಢಾಕಾದಲ್ಲಿ ಅನಿಲ್ ಕುಂಬ್ಳೆ ಅವರ ಬೌಲಿಂಗಿಗೆ ಕೀಪಿಂಗ್ ಮಾಡುತ್ತಿದ್ದ ಸಬಾ ಕರೀಂ ಅವರ ಕಣ್ಣಿಗೆ ಚೆಂಡು ಬಡಿದು, ಅವರ ಆಟ ಬೇಗನೆ ಮುಗಿದುಹೋಯಿತು. 2012ರಲ್ಲಿ ದಕ್ಷಿಣ ಆಫ್ರಿಕದ ಮಾರ್ಕ್ ಬೌಚರ್ 147 ಟೆಸ್ಟು ಆಡಿದ ಅನುಭವಿ. ಸ್ಪಿನ್ ಬೌಲಿಂಗಿಗೆ ಹೆಲ್ಮೆಟ್ ಇಲ್ಲದೆ ನಿಂತಿದ್ದಾಗ ಹಾರಿದ ಬೇಲ್ಸ್ ಕಣ್ಣಿಗೆ ತಗುಲಿ ನಿವೃತ್ತರಾಗಬೇಕಾಯಿತು. ಅಮೆರಿಕದ ಕ್ಯಾಚರ್ ಹತ್ತೊಂಬತ್ತನೆಯ ಶತಮಾನದಲ್ಲೇ ಮುಖಕವಚ ತೊಟ್ಟ. ನಾವೂ ಕಲಿಯೋಣ: ಸ್ಟಂಪಿನ ಹತ್ತಿರ ನಿಲ್ಲುವ ಕೀಪರನಿಗೆ ಹೆಲ್ಮೆಟ್ ಶೋಕಿಯಲ್ಲ. ಗವುಸು, ಒಳಗವುಸು, ಪ್ಯಾಡು, ಹೆಲ್ಮೆಟ್ ಇಲ್ಲದೆ ಗಟ್ಟಿ ಚೆಂಡು ಬೇಡವೇ ಬೇಡ. ಒಬ್ಬೊಬ್ಬರಿಗೆ ದುಬಾರಿಯೆನಿಸಿದರೆ ಶಾಲೆಯೋ ಊರಿನ ಸಂಘವೋ ಸೇರಿ ಒಂದು ಜೊತೆ ಕೊಳ್ಳಬಹುದು. ಕೀಪರ್ ಒಬ್ಬನೇ ತಾನೇ!

ದೊಡ್ಡ ಮೈದಾನಗಳೂ ಈಗ ದೂರವಿಲ್ಲ. ನೆಲಮಂಗಲದ ಕಡೆಗೆ ಹೋದರೆ ಆಲೂರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನಗಳಿವೆ. ದೇವನಹಳ್ಳಿಯ ವಿಮಾನ ನಿಲ್ದಾಣದ ಸಮೀಪ ಭಾರತ ಕ್ರಿಕೆಟ್ ಮಂಡಳಿಯ ಹೊಸ ತರಬೇತಿ ಕೇಂದ್ರ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಗಿದೆ. ಲಂಟಾನ ಪೊದೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಸ್ವಲ್ಪವೇ ದೂರ. ಆಟದಲ್ಲಿ ಮಾತ್ರ ದಾರಿ ಉದ್ದ, ಎಲ್ಲರೂ ತಲುಪುವುದಿಲ್ಲ. ತಲುಪದಿದ್ದರೂ ನಷ್ಟವೇನಿಲ್ಲ. ಪ್ರತಿ ಎಸೆತಕ್ಕೂ ಸಿದ್ಧವಾಗಿರುವುದು, ಬಿಟ್ಟ ಚೆಂಡನ್ನು ಮರೆತು ಮುಂದಿನದಕ್ಕೆ ಕೂರುವುದು, ಬೇರೆಯವರ ವಿಕೆಟ್ಟಿಗೆ ತಾನು ಮೊದಲು ಕೈ ಎತ್ತುವುದು, ಇವನ್ನೆಲ್ಲ ಕಲಿತ ಮಗು ಪರೀಕ್ಷೆಯ ಕೊಠಡಿಯಲ್ಲೂ ಬದುಕಿನಲ್ಲೂ ಹಿಂದೆ ಬೀಳುವುದಿಲ್ಲ.

ಆದ್ದರಿಂದ ಮುಂದಿನ ಭಾನುವಾರ ಮಗ ಮಣ್ಣು ಮೆತ್ತಿಕೊಂಡು ಮನೆಗೆ ಬಂದಾಗ ‘ಎಷ್ಟು ಹೊಡೆದೆ?’ ಎನ್ನಬೇಡಿ. ‘ಬೈ ಎಷ್ಟು ಹೋಯಿತೋ?’ ಎಂದು ಕೇಳಿ.

‘ಒಂದೂ ಇಲ್ಲಪ್ಪ, ಸೊನ್ನೆ!’ ಎಂದರೆ, ಬೆನ್ನು ತಟ್ಟಿ.